ಹಾಸಿಗೆಯಿಂದ ಕಾಲಿಟ್ಟ ಕೂಡಲೇ ಹಿಮ್ಮಡಿ ನೋವೇ? ಎಕ್ಸ್‌ರೇಗಿಂತ ಮೊದಲು ಚಪ್ಪಲಿ ನೋಡಿ

ಚಿಕ್ಕೋಡಿ: ಮುಂಜಾನೆ ಎದ್ದು ಮೊದಲ ಹೆಜ್ಜೆ ಇಡುವಾಗ ಹಿಮ್ಮಡಿಗೆ ಮೊಳೆ ಚುಚ್ಚಿದಂತೆ ನೋವು. ನಾಲ್ಕು ಹೆಜ್ಜೆ ನಡೆದರೆ ಕಡಿಮೆ. ಗಲ್ಲಾದ ಮುಂದೆ ಅರ್ಧ ತಾಸು ಕೂತು ಎದ್ದರೆ ಮತ್ತೆ ಅದೇ. ‘ವಾಯು ಆಗೇತಿ, ಎಣ್ಣಿ ತಿಕ್ಕಿದ್ರ ಹೋಗತೈತಿ’ ಎಂದು ತಿಂಗಳುಗಟ್ಟಲೆ ಕುಂಟುತ್ತಲೇ ಅಂಗಡಿ ನಡೆಸುವವರು ನಮ್ಮಲ್ಲಿ ಕಡಿಮೆ ಇಲ್ಲ.

ಇದು ವಾಯು ಅಲ್ಲ. ಹಿಮ್ಮಡಿ ಎಲುಬಿನಿಂದ ಬೆರಳುಗಳ ಬುಡದವರೆಗೆ ಪಾದದ ಅಡಿ ಒಂದು ಗಟ್ಟಿ ಪಟ್ಟಿ ಇರುತ್ತದೆ. ದಿನವಿಡೀ ಫರಸಿ ಮೇಲೆ ನಿಲ್ಲುವುದು, ಭಾರ ಹೊರುವುದು, ತೂಕ ಹೆಚ್ಚಾಗುವುದು, ಸವೆದ ಚಪ್ಪಲಿ ಇವೆಲ್ಲ ಸೇರಿ ಆ ಪಟ್ಟಿ ಎಲುಬಿಗೆ ಅಂಟುವ ಜಾಗ ನೋಯುತ್ತದೆ. ರಾತ್ರಿ ಅದು ಬಿಗಿದುಕೊಳ್ಳುತ್ತದೆ, ಬೆಳಗ್ಗೆ ಒಮ್ಮೆಲೇ ಎಳೆಯುತ್ತದೆ. ವೈದ್ಯರು ಇದನ್ನು ಪ್ಲಾಂಟರ್ ಫೆಶಿಯೈಟಿಸ್ ಎನ್ನುತ್ತಾರೆ.

ಮಿರಜ್‌ಗೆ ಹೋಗಿ ಎಕ್ಸ್‌ರೇ ತೆಗೆಸಿ ‘ಎಲುಬು ಬೆಳದೈತಿ’ ಎಂದು ಗಾಬರಿಯಾಗುವವರಿದ್ದಾರೆ. ನೋವೇ ಇಲ್ಲದ ಎಷ್ಟೋ ಜನರ ಹಿಮ್ಮಡಿಯಲ್ಲೂ ಅಂಥ ಎಲುಬು ಇರುತ್ತದೆ. ಹೆಚ್ಚಿನವರಿಗೆ ಆಪರೇಷನ್ ಬೇಕಾಗುವುದಿಲ್ಲ, ಕೆಲವು ತಿಂಗಳಿಂದ ಒಂದು ವರ್ಷದೊಳಗೆ ಕಡಿಮೆಯಾಗುತ್ತದೆ. ಆದರೆ ಎಂಟು ದಿನಕ್ಕೆ ಕೈಬಿಟ್ಟರೆ ಆಗದು.

ಇನ್ನು ಚಪ್ಪಲಿ ವಿಷಯ. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಸಿಕ್ಕ ಜಿಐ ಟ್ಯಾಗ್‌ನಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿಯೂ ಇದೆ. ಅಥಣಿ, ನಿಪ್ಪಾಣಿ ಕಡೆಯ ಕೈಗಳೇ ಹೊಲಿದ ಚಪ್ಪಲಿ ಕೊಲ್ಹಾಪುರದ ಹೆಸರಲ್ಲಿ ದೇಶವೆಲ್ಲ ಓಡಾಡುತ್ತದೆ. ಹೆಮ್ಮೆಯ ಮಾತೇ. ಆದರೆ ಅದರ ಅಟ್ಟೆ ಚಪ್ಪಟೆ, ಗಟ್ಟಿ. ಆರೋಗ್ಯದ ಕಾಲಿಗೆ ಅಡ್ಡಿಯಿಲ್ಲ. ಹಿಮ್ಮಡಿ ನೋಯುತ್ತಿರುವಾಗ ಮಾತ್ರ ಹತ್ತು ತಾಸು ಅದನ್ನೇ ಮೆಟ್ಟಿ ನಿಲ್ಲಬಾರದು. ಮೆತ್ತನೆಯ ಪದರ ಹಾಕಿ, ಹಿಂಭಾಗ ತುಸು ಎತ್ತರಿಸಿ ಕೊಡಲು ಹೊಲಿಯುವವರಿಗೇ ಹೇಳಿ ನೋಡಬಹುದು. ಇಲ್ಲವೇ ಮೆಡಿಕಲ್‌ನಲ್ಲಿ ಸಿಗುವ ಸಿಲಿಕಾನ್ ಹೀಲ್ ಪ್ಯಾಡ್ ಹಾಕಿ ಬೂಟು ತೊಡಿ. ಅಡ್ಡಾದಿಡ್ಡಿ ಸವೆದ ರಬ್ಬರ್ ಹವಾಯಿಯನ್ನು ಎಸೆದುಬಿಡಿ. ಮನೆಯ ಫರಸಿ ಮೇಲೂ ಬರಿಗಾಲು ಬೇಡ.

ಹಾಸಿಗೆಯಿಂದ ಇಳಿಯುವ ಮೊದಲೇ ಪಾದದ ಬೆರಳುಗಳ ಕೆಳಗೆ ಟಾವೆಲ್ ಹಾಕಿ, ಮೊಣಕಾಲು ಮಡಚದೆ ನಿಮ್ಮತ್ತ ಎಳೆದು 30 ಸೆಕೆಂಡ್ ಹಿಡಿಯಿರಿ, ಮೂರು ಸಲ. ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ಗೋಡೆಗೆ ಕೈಕೊಟ್ಟು, ನೋವಿರುವ ಕಾಲನ್ನು ಹಿಂದಿಟ್ಟು, ಹಿಮ್ಮಡಿ ನೆಲಕ್ಕೆ ಊರಿ ಮುಂದೆ ಬಾಗಿ. ಮೀನಖಂಡ ಎಳೆದಂತಾಗಬೇಕು. ಸಂಜೆ ಫ್ರಿಜ್ಜಿನ ತಣ್ಣನೆಯ ನೀರಿನ ಬಾಟಲಿಯನ್ನು ಪಾದದಡಿ ಹತ್ತು ನಿಮಿಷ ಉರುಳಿಸಿ. ಕಬ್ಬು ಕಟಾವಿನವರಿಗೆ, ತಂಬಾಕು ಕೆಲಸದ ಹೆಣ್ಣುಮಕ್ಕಳಿಗೆ ‘ವಿಶ್ರಾಂತಿ ತಗೊಳ್ರಿ’ ಎನ್ನುವುದು ಸುಲಭ, ಕೂಲಿ ಬಿಟ್ಟು ಕೂಡುವವರು ಯಾರು? ಟಾವೆಲ್ಲಿಗೂ ಗೋಡೆಗೂ ಕಾಸು ಬೇಕಿಲ್ಲ.

ನೋವಿನ ಗುಳಿಗೆಯನ್ನು ನಿತ್ಯ ನುಂಗಬೇಡಿ, ಬಿಪಿ ಮತ್ತು ಕಿಡ್ನಿ ತೊಂದರೆ ಇದ್ದವರಂತೂ ವೈದ್ಯರನ್ನು ಕೇಳದೆ ಮುಟ್ಟಲೇಬಾರದು. ಹಿಮ್ಮಡಿಗೆ ಕೊಡುವ ಸ್ಟಿರಾಯ್ಡ್ ಇಂಜೆಕ್ಷನ್ ಕೆಲವು ದಿನ ಆರಾಮ ಕೊಡುತ್ತದೆ. ಮೇಲಿಂದ ಮೇಲೆ ಹಾಕಿಸಿದರೆ ಪಟ್ಟಿ ಹರಿಯುವ ಅಪಾಯವಿದೆ. ಕಾಲು ಊರಲಿಕ್ಕೇ ಆಗದಿದ್ದರೆ, ಬಾವು, ಜ್ವರ, ಜೋಮು ಇದ್ದರೆ ಅಥವಾ ಬಿದ್ದು ಪೆಟ್ಟಾಗಿದ್ದರೆ ತಾಲ್ಲೂಕು ಆಸ್ಪತ್ರೆಗೆ ಹೋಗುವುದನ್ನು ತಡಮಾಡಬೇಡಿ.

ಶುಗರ್ ಇದ್ದವರ ಲೆಕ್ಕವೇ ಬೇರೆ. ಪಾದದ ಸ್ಪರ್ಶ ಕಡಿಮೆಯಾಗಿರುತ್ತದೆ, ಬಿಸಿನೀರಲ್ಲಿ ಕಾಲಿಟ್ಟರೆ ಸುಟ್ಟಿದ್ದೂ ಗೊತ್ತಾಗದು. ಬಿಸಿ ಇಟ್ಟಂಗಿ ಶಾಖ ಬೇಡವೇ ಬೇಡ, ಐಸನ್ನೂ ನೇರವಾಗಿ ಇಡಬಾರದು. ಆಷಾಢದ ಪಂಢರಪುರ ದಿಂಡಿಗೆ, ಚಿಂಚಲಿ ಮಾಯಕ್ಕನ ಜಾತ್ರೆಗೆ ಬರಿಗಾಲಲ್ಲಿ ನಡೆಯುವ ಹರಕೆ ಇದ್ದರೆ ಮೊದಲು ವೈದ್ಯರಿಗೆ ಕಾಲು ತೋರಿಸಿ. ದಿನಾ ರಾತ್ರಿ ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳಿ, ಇಲ್ಲವೇ ಮನೆಯವರಿಂದ ನೋಡಿಸಿ. ಹಿಮ್ಮಡಿಯ ಬಿರುಕಿನಿಂದ ರಕ್ತ, ಕೀವು ಕಂಡರೆ ಮರುದಿನವೇ ಆಸ್ಪತ್ರೆಗೆ ಹೋಗಿ.