ಕಾಣುವ ನರ, ಕಾಣದ ನರ

ಸೂಜಿ ಹಿಡಿದು ನಿಂತ ನರ್ಸ್ ‘ನರ ಸಿಗ್ತಾ ಇಲ್ಲ’ ಎನ್ನುವುದನ್ನು ಆಸ್ಪತ್ರೆ ಕಂಡವರೆಲ್ಲ ಕೇಳಿರುತ್ತಾರೆ. ವೈದ್ಯಶಾಸ್ತ್ರದಲ್ಲಿ ನರವೆಂದರೆ ಸಂದೇಶ ಒಯ್ಯುವ ತಂತು. ಅವರು ಹುಡುಕುತ್ತಿರುವುದು ಹೃದಯಕ್ಕೆ ರಕ್ತ ಮರಳಿಸುವ ಸಿರೆಯನ್ನು. ಆಡುಮಾತಿನಲ್ಲಿ ಎರಡೂ ನರವೇ. ಜ್ವರಕ್ಕೆ ದಾಖಲಾದವರಿಗೆ ನರ ಸಿಗದಿದ್ದರೆ ಎರಡು ಚುಚ್ಚು ಹೆಚ್ಚು ಬೀಳಬಹುದು, ಅಷ್ಟೆ. ಮೂತ್ರಪಿಂಡ ಸೋತವರ ಕಥೆ ಬೇರೆ. ಅವರ ರಕ್ತ ಶೋಧಿಸುವ ಡಯಾಲಿಸಿಸ್ ಯಂತ್ರ ನಿಮಿಷಕ್ಕೆ ಸುಮಾರು 300 ಮಿಲಿಲೀಟರ್ ರಕ್ತ ಕೇಳುತ್ತದೆ, ಅದೂ ನಾಲ್ಕು ಗಂಟೆ ಬಿಡದೆ, ವಾರಕ್ಕೆ ಎರಡು ಮೂರು ಸಲ. ಮುಂಗೈಯ ಸಿರೆ ತನ್ನಷ್ಟಕ್ಕೆ ಅಷ್ಟು ಕೊಡಲಾರದು. ಹೃದಯದಿಂದ ರಕ್ತ ಒಯ್ಯುವ ಅಪಧಮನಿಯಲ್ಲಿ ರಭಸವಿದೆ, ಆದರೆ ಅದಕ್ಕೆ ವಾರವಾರವೂ ದಪ್ಪ ಸೂಜಿ ಚುಚ್ಚುವಂತಿಲ್ಲ.

ಈ ಬಿಕ್ಕಟ್ಟಿಗೆ ದಾರಿ ತೋರಿದ್ದು ನ್ಯೂಯಾರ್ಕ್ ನಗರದ ಬ್ರಾಂಕ್ಸ್‌ನಲ್ಲಿರುವ ಮಾಜಿ ಸೈನಿಕರ ಆಸ್ಪತ್ರೆ. ಜೇಮ್ಸ್ ಸಿಮಿನೊ, ಮೈಕೆಲ್ ಬ್ರೆಶಿಯಾ ಮತ್ತವರ ಸಂಗಡಿಗರ ಯೋಚನೆಯನ್ನು ಶಸ್ತ್ರವೈದ್ಯ ಕೆನೆತ್ ಅಪೆಲ್ 1965ರಲ್ಲಿ ಕೈಗೂಡಿಸಿದರು: ಮಣಿಕಟ್ಟಿನ ಅಪಧಮನಿಯನ್ನು ಪಕ್ಕದ ಸಿರೆಗೆ ಹೊಲಿದುಬಿಟ್ಟರು. ಹೀಗೆ ಜೋಡಿಸಿದಾಗ ಅಪಧಮನಿಯ ರಕ್ತ ಸಿರೆಗೆ ನುಗ್ಗುತ್ತದೆ. ಆ ಒತ್ತಡಕ್ಕೆ ಸಿರೆ ವಾರಗಳಲ್ಲಿ ಹಿಗ್ಗಿ, ತೆಳು ಗೋಡೆಯನ್ನು ದಪ್ಪ ಮಾಡಿಕೊಂಡು, ಚರ್ಮದ ಕೆಳಗೇ ಸೂಜಿಗೆ ಸಿಗುವಂತೆ ನಿಲ್ಲುತ್ತದೆ. ಇದೇ ಎ.ವಿ. (ಅಪಧಮನಿ-ಸಿರೆ) ಫಿಸ್ಟುಲಾ. ಇಂದಿಗೂ, ಸಾಧ್ಯವಿದ್ದವರಿಗೆಲ್ಲ, ಇದಕ್ಕಿಂತ ಒಳ್ಳೆಯ ಏರ್ಪಾಡು ಸಿಕ್ಕಿಲ್ಲ. ಇದರ ಬದಲು ಕುತ್ತಿಗೆಗೆ ಹಾಕುವ ಕೊಳವೆಯಲ್ಲಿ ಸೋಂಕಿನ ಭಯ ಹೆಚ್ಚು.

ಹೊಲಿಗೆ ಎಷ್ಟು ಚೆನ್ನಾಗಿದ್ದರೇನು, ಹಿಗ್ಗಬೇಕಾದದ್ದು ಸಿರೆ. ಅದನ್ನು ಆರಿಸುವುದು ಹೇಗೆ? ತೋಳಿಗೆ ಪಟ್ಟಿ ಬಿಗಿದು, ಕಣ್ಣಲ್ಲಿ ನೋಡಿ, ಬೆರಳಲ್ಲಿ ಒತ್ತಿ ನಿರ್ಧರಿಸುವುದು ಹಳೆಯ ಕ್ರಮ. ಅನುಭವಿ ಬೆರಳಿಗೆ ಬೆಲೆ ಇದ್ದೇ ಇದೆ. ಆದರೂ ಕಣ್ಣು ಎರಡು ಬಗೆಯಲ್ಲಿ ಮೋಸಹೋಗುತ್ತದೆ. ಮಣಿಕಟ್ಟಿನಲ್ಲಿ ಹಗ್ಗದಂತೆ ಎದ್ದು ಕಾಣುವ ಸಿರೆ ಮೊಣಕೈ ಬಳಿ ಮುಚ್ಚಿಹೋಗಿರಬಹುದು. ದಪ್ಪ ಕೈಯಲ್ಲಿ ಏನೂ ಕಾಣದಿದ್ದರೂ ಕೊಬ್ಬಿನ ಕೆಳಗೆ ಸೊಗಸಾದ ಸಿರೆಯೊಂದು ಹರಿಯುತ್ತಿರಬಹುದು.

ಅಲ್ಲಿಗೆ ಅಲ್ಟ್ರಾಸೌಂಡ್ ಬೇಕು. ಸಿರೆಗಳು ಚರ್ಮಕ್ಕೆ ಹತ್ತಿರವಿರುವುದರಿಂದ ಹೆಚ್ಚು ಕಂಪನಾಂಕದ ಶಬ್ದದ ಅಲೆಗಳನ್ನು ಬಳಸಬಹುದು. ಅವು ಆಳಕ್ಕೆ ಇಳಿಯುವುದಿಲ್ಲ, ಆದರೆ ಮಿಲಿಮೀಟರಿನ ಭಾಗವನ್ನೂ ಬಿಡಿಸಿ ತೋರಿಸುತ್ತವೆ. ಪರದೆಯ ಮೇಲೆ ಅಪಧಮನಿ ಮಿಡಿಯುವ ಉಂಗುರ, ಸಿರೆ ಮೆತ್ತನೆಯ ಕಪ್ಪು ವೃತ್ತ. ತಂತ್ರಜ್ಞರು ಅಲೆ ಹೊಮ್ಮಿಸುವ ಪ್ರೋಬನ್ನು ಚರ್ಮದ ಮೇಲೆ ಸ್ವಲ್ಪ ಒತ್ತುತ್ತಾರೆ: ಆರೋಗ್ಯದ ಸಿರೆ ಪೂರ್ತಿ ಚಪ್ಪಟೆಯಾಗಿ ಮಾಯವಾಗುತ್ತದೆ, ರಕ್ತ ಹೆಪ್ಪುಗಟ್ಟಿದ ಸಿರೆ ಹಟ ಹಿಡಿದು ಹಾಗೇ ಉಳಿಯುತ್ತದೆ. ಇಷ್ಟು ಸರಳವಾದ ಪರೀಕ್ಷೆ ಇಷ್ಟು ಹೇಳುವುದು ನನಗೆ ಪ್ರತಿಸಲವೂ ಸೋಜಿಗ.

ಆದರೆ ಅಳೆಯುವಾಗ ಕೈ ಹಗುರವಿರಬೇಕು. ಪ್ರೋಬಿನ ಭಾರಕ್ಕೇ ಸಿರೆ ಕುಗ್ಗೀತೆಂದು ಜೆಲ್ಲನ್ನು ಧಾರಾಳವಾಗಿ ಸುರಿಯುತ್ತಾರೆ. ಎ.ಸಿ. ಕೋಣೆಯ ಚಳಿಗೂ ಸಿರೆ ಮುದುಡುತ್ತದೆ, ಡಯಾಲಿಸಿಸ್ ಮುಗಿಸಿ ನೀರಿನಂಶ ಕಳೆದುಕೊಂಡು ಬಂದರೂ ಸಣ್ಣದಾಗಿ ಕಾಣುತ್ತದೆ. ಕೋಣೆ ಬೆಚ್ಚಗಿಟ್ಟು, ತೋಳಿಗೆ ಪಟ್ಟಿ ಬಿಗಿದು, ಕೊಂಚ ಕಾದು ಅಳೆದರೆ ಮಾತ್ರ ನಿಜವಾದ ಅಗಲ ಸಿಗುತ್ತದೆ. ಆತುರದ ಅಳತೆಯಿಂದ ಒಳ್ಳೆಯ ಸಿರೆಯೊಂದು ‘ಪ್ರಯೋಜನವಿಲ್ಲ’ ಎನ್ನಿಸಿಕೊಳ್ಳುವುದು ರೋಗಿಗೆ ಆಗುವ ದೊಡ್ಡ ಅನ್ಯಾಯ.

ಅಪಧಮನಿ ಕನಿಷ್ಠ 2 ಮಿ.ಮೀ., ಪಟ್ಟಿ ಕಟ್ಟಿದಾಗ ಸಿರೆ 2ರಿಂದ 2.5 ಮಿ.ಮೀ. ಇದ್ದರೆ ಒಳಿತು ಎಂಬುದು ಬಹಳ ಕಡೆ ಬಳಕೆಯಲ್ಲಿರುವ ಲೆಕ್ಕ. ಸಕ್ಕರೆ ಕಾಯಿಲೆಯವರ ಅಪಧಮನಿಯ ಗೋಡೆಗೆ ಸುಣ್ಣ ಕಟ್ಟಿರಬಹುದು, ಅದನ್ನೂ ನೋಡುತ್ತಾರೆ. ಕೊರಳೆಲುಬಿನ ಹಿಂದೆ, ಎದೆಯೊಳಗೆ ಹೋಗುವ ದೊಡ್ಡ ಸಿರೆಗಳು ಮಾತ್ರ ಈ ಅಲೆಗಳಿಗೆ ಸರಿಯಾಗಿ ಸಿಗವು. ಹಿಂದೆ ಹಾಕಿದ್ದ ಕೊಳವೆಯಿಂದ ಅಲ್ಲಿ ಕಿರಿದಾಗಿರುವ ಅನುಮಾನವಿದ್ದರೆ ಸಿರೆಯನ್ನು ಎದ್ದು ತೋರಿಸುವ ದ್ರವ ಹಾಯಿಸಿ ಎಕ್ಸ್‌ರೇ ತೆಗೆಯಬೇಕಾಗುತ್ತದೆ. ಮೂತ್ರಪಿಂಡ ಅಷ್ಟೋ ಇಷ್ಟೋ ಕೆಲಸ ಮಾಡುತ್ತಿರುವವರಿಗೆ ಆ ದ್ರವ ತೊಂದರೆ ಕೊಡಬಹುದಾದ್ದರಿಂದ ಅದನ್ನು ಎಲ್ಲರಿಗೂ ಮಾಡುವುದಿಲ್ಲ.

ಅಲ್ಟ್ರಾಸೌಂಡ್ ಹೀಗೆ ಬಿಡಿಸುವ ಸಿರೆಗಳ ನಕ್ಷೆಯಲ್ಲಿ ಮನಸ್ಸಿಗೆ ನಾಟುವುದು ಹಳೆಯ ಚುಚ್ಚುಗಳ ಗುರುತು. ಹಿಂದೆಂದೋ ಡ್ರಿಪ್ ಹಾಕಿದ ಜಾಗದಲ್ಲಿ ಸಿರೆ ಗಟ್ಟಿಯಾಗಿ, ಕಿರಿದಾಗಿ, ದಾರದಂತಾಗಿರುತ್ತದೆ. ಮೂತ್ರಪಿಂಡ ಸೋಲುತ್ತಿರುವುದನ್ನು ಸೂಚಿಸುವ ಕ್ರಿಯಾಟಿನಿನ್ ರಕ್ತದಲ್ಲಿ ಏರುತ್ತಿದೆಯೆಂದು ತಿಳಿದ ದಿನದಿಂದಲೇ ಮುಂಗೈ ಸಿರೆಗಳನ್ನು ಬಿಟ್ಟು ಅಂಗೈ ಹಿಂಬದಿಯಲ್ಲಿ ರಕ್ತ ತೆಗೆದಿದ್ದರೆ ಅದು ಉಳಿಯುತ್ತಿತ್ತು. ಹೆಚ್ಚು ಬಳಸದ ಕೈಯನ್ನು, ಬಲಗೈಯವರಿಗೆ ಎಡಗೈಯನ್ನು, ಫಿಸ್ಟುಲಾಕ್ಕೆಂದು ಕಾದಿಡಿ ಎಂದು ಮೂತ್ರಪಿಂಡ ತಜ್ಞರು ಗೋಗರೆಯುವುದು ಇದಕ್ಕೇ. ರೋಗಿಯೇ ಆ ಕೈ ಹಿಂದೆಳೆದುಕೊಂಡು ‘ಇಲ್ಲಿ ಬೇಡ’ ಎನ್ನಬಹುದು. ಹಾಗೆನ್ನಲು ಸಂಕೋಚ ಬೇಕಿಲ್ಲ.

ನಕ್ಷೆ ಸರಿಯಿದ್ದರೂ ಕೆಲವು ಫಿಸ್ಟುಲಾ ಬಲಿಯುವುದೇ ಇಲ್ಲ, ಅದನ್ನು ಮುಚ್ಚಿಡಬಾರದು. ಹಾಗಾಗಿ ಶಸ್ತ್ರಕ್ರಿಯೆಯಾದ ಸುಮಾರು ಆರು ವಾರಕ್ಕೆ ಪ್ರೋಬ್ ಮತ್ತೆ ಅದೇ ಕೈ ಮೇಲೆ ಬರುತ್ತದೆ. ಅಗಲ 6 ಮಿ.ಮೀ. ಆಗಿದೆಯೇ, ಚರ್ಮದಿಂದ 6 ಮಿ.ಮೀ.ಗಿಂತ ಆಳಕ್ಕೆ ಹೋಗಿಲ್ಲವೇ, ನಿಮಿಷಕ್ಕೆ 600 ಮಿಲಿಲೀಟರ್ ಹರಿಯುತ್ತಿದೆಯೇ? ಡಯಾಲಿಸಿಸ್ ಕೋಣೆಯವರು ಯಂತ್ರಕ್ಕೂ ಮೊದಲು ಬೆರಳಿಟ್ಟು ನೋಡುತ್ತಾರೆ. ಚರ್ಮದಡಿ ಜುಮ್ಮೆನ್ನುವ ಆ ಕಂಪನಕ್ಕೆ ಅವರು ‘ಥ್ರಿಲ್’ ಎನ್ನುತ್ತಾರೆ. ರೋಗಿಗೂ ಅದನ್ನು ಕಲಿಸಿರುತ್ತಾರೆ: ಬೆಳಿಗ್ಗೆ ಎದ್ದ ಕೂಡಲೇ ಮುಟ್ಟಿ ನೋಡಿ, ಜುಮ್ಮೆನ್ನದಿದ್ದರೆ ಆ ಗಳಿಗೆಯೇ ಫೋನ್ ಮಾಡಿ.