ಗ್ಯಾರೇಜಿಗೆ ಬಾಗಿಲು ಹಚ್ಚಿದರೆ ಮನೆಯಾದೀತೆ?

ಕಾರು ಬೀದಿಗೆ ಬಂತು, ಬಾಡಿಗೆದಾರ ಗ್ಯಾರೇಜಿಗೆ ಬಂದ! ಬೆಳಗಾವಿಯ ಟಿಳಕವಾಡಿಯಿರಲಿ, ಶಹಾಪುರವಿರಲಿ, ಅತ್ತ ಖಾನಾಪುರವಿರಲಿ, ಶಟರು ಕಿತ್ತು ಬಾಗಿಲು ಕೂಡಿಸಿ ಬಾಡಿಗೆ ಎಣಿಸುವ ಆಸೆ ಯಾರಿಗಿಲ್ಲ? "ನಮ್ಮ ಜಾಗಾ, ನಮ್ಮ ಗ್ವಾಡಿ, ಕೇಳಾವ್ರು ಯಾರ್ರೀ?" ಎಂಬುದು ಮಾಲಕರ ವಾದ.

ಕೇಳುವವರಿದ್ದಾರೆ. ಬೆಳಗಾವಿಯಲ್ಲಿ 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆ, ಖಾನಾಪುರದ ಪಟ್ಟಣ ಪಂಚಾಯಿತಿಯಲ್ಲಿ 1964ರ ಪುರಸಭೆಗಳ ಕಾಯ್ದೆ. ಮಂಜೂರಾದ ನಕಾಶೆಯಲ್ಲಿ ವಾಹನಕ್ಕೆಂದು ತೋರಿಸಿದ ಜಾಗ ವಾಹನಕ್ಕೇ ಮೀಸಲು. ಅದನ್ನು ವಾಸಕ್ಕೆ ತಿರುಗಿಸಬೇಕಾದರೆ ತಿದ್ದಿದ ನಕಾಶೆ ಕೊಟ್ಟು ಮೊದಲೇ ಪರವಾನಿಗೆ ಪಡೆಯಬೇಕು. ಕಾರಿಗೆ ಸ್ವಂತ ನಿವೇಶನದಲ್ಲೇ ಬೇರೆ ಜಾಗ ತೋರಿಸಬೇಕು. ಇಲ್ಲವಾದರೆ ಆ ಕಾರು ನಿಲ್ಲುವುದು ಸಿಟಿ ಬಸ್ಸಿನ ದಾರಿಯಲ್ಲಿ, ಇಲ್ಲವೇ ಪಕ್ಕದ ಅಂಗಡಿಯ ಬಾಗಿಲಲ್ಲಿ!

ಇದು ಬರೀ ಕಾಗದದ ಕಾಟವಲ್ಲ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಲೆಕ್ಕ ನೋಡಿ. ಗ್ಯಾರೇಜಿನ ನೆಲ ಸುತ್ತಲಿನ ನೆಲಕ್ಕಿಂತ 15 ಸೆಂಟಿಮೀಟರು, ಅಂದರೆ ಅರ್ಧ ಅಡಿ ಎತ್ತರವಿದ್ದರೆ ಸಾಕು. ಮನುಷ್ಯರಿರುವ ಮನೆಗೆ 45 ಸೆಂಟಿಮೀಟರು, ಒಂದೂವರೆ ಅಡಿ ಬೇಕು. ಗ್ಯಾರೇಜಿನ ಎತ್ತರ 2.4 ಮೀಟರಾದರೆ ನಡೆದೀತು. ವಾಸದ ಕೋಣೆಗೆ 2.75 ಮೀಟರು. ಒಂದೇ ಕೋಣೆಯ ಮನೆಯಾದರೆ ಕನಿಷ್ಠ 9.5 ಚದರ ಮೀಟರು ಜಾಗ, ಜೊತೆಗೆ ಗಾಳಿ-ಬೆಳಕಿಗೆ ಕಿಟಕಿ. ಮಲಪ್ರಭೆಯ ದಂಡೆಯ ಖಾನಾಪುರದ ಮಳಿ ಗೊತ್ತಲ್ಲ? ಅರ್ಧ ಅಡಿಯ ನೆಲದ ಮೇಲೆ ಹಾಸಿಗೆ ಹಾಸಿದವನ ಗತಿಯೇನು? ಕಾರಿಗೆ ನೆಗಡಿಯಾಗದು, ಕೂಸಿಗೆ ಆದೀತು.

"ಕರಾ ತುಂಬೇವ್ರೀ, ಪಾವತಿ ಐತಿ" ಎನ್ನುವವರುಂಟು. ಕರ ತುಂಬಿದ ಮಾತ್ರಕ್ಕೆ ಅಕ್ರಮ ಸಕ್ರಮವಾಗದು. ಅಕ್ರಮ-ಸಕ್ರಮ ಯೋಜನೆಯನ್ನೇ ನೆಚ್ಚಿ ಕೂತವರಿಗೂ ಒಂದು ಮಾತು: ಅದಕ್ಕೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತಡೆಯಾಜ್ಞೆ ಕೊಟ್ಟಿತು. ಇತ್ತ ಪಾಲಿಕೆ ಕಾಯ್ದೆಯ 321ನೇ ಕಲಮಿನ ಪ್ರಕಾರ ಆಯುಕ್ತರು ತಾತ್ಕಾಲಿಕ ಆದೇಶ ಹೊರಡಿಸಿ ಕಾರಣ ಕೇಳಬಹುದು. ಉತ್ತರ ಸರಿಯೆನಿಸದಿದ್ದರೆ ತೆರವು ಮಾಡಿಸಬಹುದು. ಆಗ ಮಾಲಕನಿಗೆ ಹೋಗುವುದು ಇಟ್ಟಂಗಿ, ಬಾಡಿಗೆದಾರನಿಗೆ ಹೋಗುವುದು ಸೂರು.

ಗ್ಯಾರೇಜಿನಲ್ಲಿ ಕಿರಾಣಿ ಅಂಗಡಿ ಇಡುವ ವಿಚಾರವಿದ್ದರೆ ಇನ್ನೂ ಎಚ್ಚರ ಬೇಕು. ವಾಸದ ಕಟ್ಟಡ ವ್ಯಾಪಾರಕ್ಕೆ ತಿರುಗಿದರೆ ಅದಕ್ಕೆ ಬೇರೆ ಪರವಾನಿಗೆ. ಹೆಸ್ಕಾಂ ಕರೆಂಟಿನ ದರವೂ ಬೇರೆ.

ಆದ್ದರಿಂದ ಮಾಲಕರೇ, ಗೌಂಡಿಯನ್ನು ಕರೆಯುವ ಮೊದಲು ಟ್ರಂಕಿನಲ್ಲಿರುವ ನಕಾಶೆ ಬಿಚ್ಚಿರಿ. ನೋಂದಾಯಿತ ಇಂಜಿನಿಯರರಿಗೆ ತೋರಿಸಿ, ಕಚೇರಿಯಲ್ಲಿ ವಿಚಾರಿಸಿರಿ. ಬಾಡಿಗೆ ಹಿಡಿಯುವವರೇ, ಮುಂಗಡ ಕೊಡುವ ಮುನ್ನ ಎರಡು ಪ್ರಶ್ನೆ ಕೇಳಿರಿ: ಪರವಾನಿಗೆ ಐತೇನ್ರೀ? ಮಳಿಗಾಲದಾಗ ನೀರು ಬರತೈತೇನ್ರೀ?