ಫೋಟೋ ಪೆಟ್ಟಿಗೆ ಕೈಕೊಟ್ಟಾಗ

ಸೋದರಿಯರೇ, ಮನೆಮಂದಿಯ ಫೋಟೋಗಳನ್ನೆಲ್ಲ ಸರ್ವರ್ ಪೆಟ್ಟಿಗೆಯಲ್ಲಿ ಇಟ್ಟಿದ್ದೀರಾ? ಹಾವೇರಿಯ ನಮ್ಮ ಮನೆಯಲ್ಲೂ ಒಂದಿದೆ. ಕರೆಂಟು ಹೋಗಿ ಬಂದ ಒಂದು ಸಂಜೆ ಅದು ತೆರೆಯಲೇ ಇಲ್ಲ. ತೀರಿಹೋದ ಅತ್ತೆಯವರ ಫೋಟೋಗಳೆಲ್ಲ ಅದರಲ್ಲೇ! ಒಳಗಿನ ಜೋಡಿ ಡಿಸ್ಕ್ ಕಾಯುತ್ತದೆಂದು ನಂಬಿದ್ದೆ. ಕೆಡುಕೂ ಎರಡಕ್ಕೂ ಇಳಿದಿತ್ತು.

ಕಂಪ್ಯೂಟರಿಗೆ ಹಚ್ಚಿದರೆ ‘ಫಾರ್ಮ್ಯಾಟ್ ಮಾಡಲೇ?’ ಎಂದು ಕೇಳುತ್ತದೆ. ಹೂಂ ಅನ್ನಬೇಡ್ರೀ! ಕಟಕಟ ಸದ್ದು ಬಂದರೆ ತಕ್ಷಣ ಆರಿಸಿ, ತಿಳಿದವರಿಗೆ ಕೊಡಿ. ನಮ್ಮದರಲ್ಲಿ ಸದ್ದಿರಲಿಲ್ಲ. ರಾಣೆಬೆನ್ನೂರಿನಿಂದ ಬಂದ ತಂಗಿಯ ಮಗ, ಕೆಟ್ಟ ಡಿಸ್ಕಿಗೆ ಏನೂ ಬರೆಯದೆ, ‘ಡಿಡಿರೆಸ್ಕ್ಯೂ’ ಎಂಬ ಪುಕ್ಕಟೆ ತಂತ್ರಾಂಶದಿಂದ ಪೂರ್ತಿ ನಕಲನ್ನು ಹೊಸ ಡಿಸ್ಕಿಗೆ ಇಳಿಸಿದ. ರಾತ್ರಿಯಿಡೀ ಹಿಡಿಯಿತು. ಆ ನಕಲಿನಲ್ಲೇ ‘ಫೋಟೋರೆಕ್’ ಹಾಕಿ ಹುಡುಕಿದ. ಫೋಟೋ ಬಂದವು, ನಾವು ಕೊಟ್ಟ ಹೆಸರು ಬರಲಿಲ್ಲ.

ಈಗ ಒಂದು ಪ್ರತಿ ಬ್ಯಾಡಗಿಯ ತವರುಮನೆಯಲ್ಲಿದೆ. ನಾನು ಒಂದೊಂದೇ ತೆರೆದು ನೋಡುತ್ತಿದ್ದೇನೆ. ಅತ್ತೆ ಹೋಳಿಗೆ ಲಟ್ಟಿಸುತ್ತಿರುವುದು ನಿನ್ನೆ ಸಿಕ್ಕಿತು.